ಮುಂದಿನ ಜೀಪು ಎಷ್ಟು ದೂರ ಇರಬೇಕು?

ಪ್ರಶ್ನೆ: ನಮ್ಮಣ್ಣ ದೊಡ್ಡ ಟ್ರೇಲರ್‌ಗಳ ಮುಂದೆ, ದಾರಿ ನೋಡಿ ಎಚ್ಚರಿಸೋ ಪೈಲಟ್ ಜೀಪು ಓಡಿಸ್ತಾನೆ. ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಗೆ ಭಾರಿ ಯಂತ್ರ ಒಯ್ಯಬೇಕಂತೆ. ನಡುವೆ ಎಷ್ಟು ಅಂತರ ಬೇಕು ಸರ್?
– ಓದುಗರು, ಹುಮನಾಬಾದ್

ಉತ್ತರ: ಎಲ್ಲ ಕಡೆಗೂ ಒಂದೇ ಲೆಕ್ಕ ನಡೆಯಲ್ಲಮ್ಮ. ಗಂಟೆಗೆ 40 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಜೀಪು 100 ಮೀಟರ್ ಮುಂದಿದ್ದರೂ ಟ್ರೇಲರ್ ಚಾಲಕನಿಗೆ ಸಿಗೋದು ಬರೀ 9 ಸೆಕೆಂಡು, ಅಷ್ಟರಲ್ಲೇ ವಾಕಿಟಾಕಿ ಮಾತು ಕೇಳಿಸಿಕೊಂಡು, ಬ್ರೇಕ್ ಒತ್ತಿ, ಅಷ್ಟು ಭಾರದ ಗಾಡಿ ನಿಲ್ಲಿಸಬೇಕು ಅಲ್ವಾ? ಹಾಗಾಗಿ ಬಯಲು ರಸ್ತೆಯಲ್ಲಿ ಜಾಸ್ತಿ ಅಂತರ ಬಿಡಲಿ, ಆದರೆ ಜೀಪು ಕಣ್ಣಿಗೆ ಕಾಣುತ್ತಿರಲಿ. ಕಲಬುರಗಿ ಊರೊಳಗೆ ಹತ್ತಿರವೇ ಇರಬೇಕು, ಸಂದು ಸಿಕ್ಕರೆ ಆಟೋ, ಬೈಕು ನುಗ್ಗುತ್ತವೆ. ಕಿರಿದಾದ ಸೇತುವೆ ಬಂದರೆ ಜೀಪು ಮೊದಲೇ ದಾಟಿ ಎದುರಿನ ಗಾಡಿಗಳನ್ನು ತಡೆಯಲಿ.

ಟ್ರೇಲರ್ ಹಿಂದೆ ಕಾವಲಿಗೆ ಬರೋ ಗಾಡಿಯವರಿಗೂ ಹೇಳಿ, ತಿರುವಿನಲ್ಲಿ ಟ್ರೇಲರ್‌ಗೆ ಅಂಟಿಕೊಂಡು ಸುಮ್ನೆ ಹೋಗಬಾರದು. ತಿರುವಿಗೆ ಮೊದಲೇ ನಿಧಾನಿಸಿ, ಹಿಂದೆ ಬರೋರಿಗೆ ಕೆಂಪು ಬಾವುಟ ಕಾಣಿಸಬೇಕು. ತೊಗರಿ ರಾಶಿ ಸಮಯದಲ್ಲಿ ಚೀಲ ತುಂಬಿದ ಟ್ರ್ಯಾಕ್ಟರ್‌ಗಳು ಹಿಂದೆ ದೀಪವಿಲ್ಲದೆ ನಿಂತಿರುತ್ತವೆ, ಕತ್ತಲಾದ ಮೇಲೆ ಹೊರಡೋದು ಬೇಡ ಅಂತ ಅಣ್ಣನಿಗೆ ಖಂಡಿತ ಹೇಳಿ.