ಸಂಗೀತ ಕಚೇರಿ ಕೇಳಿ ಬಂದ್ರೆ ಎದೆ ಭಾರ ಆಗತ್ತೆ ಮೇಡಂ

ನನ್ನ ಹತ್ರ ಆಪ್ತಸಲಹೆಗೆ ಬರೋ, ಹೊರದೇಶದಲ್ಲಿರೋ ನಮ್ಮೂರ ಮಕ್ಕಳ ಬಾಯಲ್ಲಿ ಈ ಮಾತು ಈ ವರ್ಷ ನಾಲ್ಕನೇ ಸಲ ಕೇಳಿದೆ, ಅದಕ್ಕೇ ಬರೀತಿದೀನಿ. ಒಪ್ಪಿಗೆ ತಗೊಂಡಿದೀನಿ, ಗುರುತು ಸಿಗೋ ವಿವರ ಬದಲಿಸಿದೀನಿ.

ಚಾಮರಾಜಪೇಟೆ ಕಡೆಯವರು, 36 ವರ್ಷ, ಬರ್ಲಿನ್‌ನಲ್ಲಿ ಒಬ್ಬರೇ ಇದ್ದಾರೆ. ಅಪ್ಪ ತೀರ್ಕೊಂಡು 2 ವರ್ಷ. ನಮ್ಮ ರಾತ್ರಿ ಒಂಬತ್ತೂವರೆಗೆ, ಅಂದ್ರೆ ಅವರ ಸಂಜೆ ಆರಕ್ಕೆ, ವಿಡಿಯೋ ಕಾಲ್‌ನಲ್ಲಿ ಮಾತು. ಮೊದಲು ನಾನೂ ಎಲ್ಲರೂ ಹೇಳೋದನ್ನೇ ಹೇಳಿದೆ, ನಮ್ಮವರ ಕಾರ್ಯಕ್ರಮಗಳಿಗೆ ಹೋಗಿ, ಬೆರೀರಿ ಅಂತ. ನಾಲ್ಕು ಗಂಟೆ ಟ್ರೈನಲ್ಲಿ ಕೂತು ಫ್ರಾಂಕ್‌ಫರ್ಟ್‌ಗೆ ಹೋದ್ರು, ಹಾಡು ಚೆನ್ನಾಗೇ ಇತ್ತಂತೆ, ವಾಪಸ್ ಬರ್ತಾ ದಾರಿಯುದ್ದಕ್ಕೂ ಅತ್ತರಂತೆ. ನನ್ನ ಸಲಹೆ ತಪ್ಪಿತ್ತು, ಅದು ನನ್ನನ್ನ ತುಂಬಾ ದಿನ ಕಾಡ್ತು.

ಆಮೇಲಿನ ಸೆಷನ್‌ನಲ್ಲಿ ಅವರು ಬರ್ಲಿನ್‌ನ ದೊಡ್ಡ ಸಂಗೀತ ಸಭಾಂಗಣ ಫಿಲ್ಹಾರ್ಮೋನಿಯಲ್ಲಿ ಆದದ್ದು ಹೇಳಿದ್ರು. ಸಿಂಫನಿ ಅಂದ್ರೆ ಪಾಶ್ಚಾತ್ಯ ವಾದ್ಯವೃಂದದ ದೊಡ್ಡ ರಚನೆ, ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗ ಇರುತ್ತೆ, ಕೊನೇವರೆಗೂ ಯಾರೂ ಚಪ್ಪಾಳೆ ತಟ್ಟಲ್ಲ. ಇವರು ಮೊದಲನೇ ಭಾಗ ಮುಗೀತಿದ್ದ ಹಾಗೇ ತಟ್ಟಿಬಿಟ್ರು. ನಮ್ಮಲ್ಲಿ ತನಿ, ಅಂದ್ರೆ ಮೃದಂಗದವರು ಮಾತ್ರ ನುಡಿಸೋ ಭಾಗ, ಮುಗೀತಿದ್ದ ಹಾಗೆ, ಕೃತಿ ಇನ್ನೂ ಬಾಕಿ ಇದ್ರೂ, ಸಭೆಯೆಲ್ಲಾ ತಟ್ಟುತ್ತಲ್ಲ, ಅದೇ ಅಭ್ಯಾಸ. ಅಷ್ಟು ದೊಡ್ಡ ಹಾಲ್‌ನಲ್ಲಿ ಒಂದೇ ಜೊತೆ ಕೈ. "ಆಮೇಲೆ ಎರಡೂ ಕೈ ತೊಡೆ ಕೆಳಗಿಟ್ಕೊಂಡು ಕೂತೆ ಮೇಡಂ, ಈಗಲೂ ಹಾಗೇ ಕೂರ್ತೀನಿ" ಅಂದ್ರು.

ಊರಿನ ಕಚೇರಿ ಅಂದ್ರೆ ಮೊದಲು ಏನು ನೆನಪಾಗತ್ತೆ ಅಂತ ಕೇಳಿದೆ. ಫೋರ್ಟ್ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳು, 1939ರಿಂದ ನಡೀತಿರೋದು, ಅಪ್ಪನ ಜೊತೆ ಚಿಕ್ಕಂದಿನಿಂದ ಹೋದವರು. ಯಾವುದೋ ರಾಗ, ವಿದ್ವಾಂಸರ ಹೆಸರು ಹೇಳ್ತಾರೆ ಅಂದ್ಕೊಂಡೆ. ಸುಮಾರು ಹೊತ್ತು ಸುಮ್ಮನಿದ್ದು, "ಒಬ್ಬರು ಮೇಷ್ಟ್ರು ಬರ್ತಿದ್ರು, ನಮಗೆ ಅಂತ ಪಕ್ಕದ ಎರಡು ಕುರ್ಚಿ ಮೇಲೆ ಟವೆಲ್ ಹಾಸಿರೋರು. ಅವರ ಹೆಸರೇ ನಂಗೆ ಗೊತ್ತಿಲ್ಲ. ಅಪ್ಪನೂ ಅವರ ಹತ್ರ ಏನೂ ಜಾಸ್ತಿ ಮಾತಾಡ್ತಿರಲಿಲ್ಲ" ಅಂದ್ರು. ಅಳು ಬಂತು. ನಾನೂ ಮಾತಾಡಲಿಲ್ಲ.

ಅವರು ಕಳ್ಕೊಂಡಿದ್ದು ಸಂಗೀತನೂ ಅಲ್ಲ, ಭಾಷೆನೂ ಅಲ್ಲ. ಇವರು ಬರ್ತಾರೆ ಅಂತ ಜಾಗ ಹಿಡಿದು ಕಾಯೋ ಒಬ್ಬ ಮನುಷ್ಯನ್ನ. ಅದು ವರ್ಷಗಟ್ಟಲೆ ಒಂದೇ ಜಾಗಕ್ಕೆ ಹೋಗಿ ಹೋಗಿ ಆಗಿದ್ದು. ವಾರಕ್ಕೊಂದು ಊರು, ತಿಂಗಳಿಗೊಂದು ಹಾಲ್ ಸುತ್ತಿದ್ರೆ ಹೇಗೆ ಸಿಗಬೇಕು?

ಹಾಗಾಗಿ ಹೇಳಿದೆ: ಒಂದು ವರ್ಷ ಒಂದೇ ಜಾಗಕ್ಕೆ ಹೋಗಿ. ಅದೇ ಫಿಲ್ಹಾರ್ಮೋನಿ ಲಾಬಿಯಲ್ಲಿ ಮಧ್ಯಾಹ್ನ ಉಚಿತ ಲಂಚ್ ಕಾನ್ಸರ್ಟ್ ಇರುತ್ತೆ, ಒಂದು ಗಂಟೆಯೊಳಗೆ ಮುಗಿಯುತ್ತೆ, ಟಿಕೆಟ್ ಬೇಡ. ಆದಷ್ಟೂ ಅದೇ ಮೂಲೆಯಲ್ಲಿ ಕೂತ್ಕೊಳ್ಳಿ. ಮುಗಿದ ಮೇಲೆ ಅಮ್ಮಂಗೆ ಫೋನ್ ಮಾಡಿ, ಏನು ಕೇಳಿದ್ರಿ ಅಂತ ಬಾಯಲ್ಲೇ ಹೇಳಿ, ಅಲ್ಲಿ ಎರಡು ಗಂಟೆ ಅಂದ್ರೆ ಇಲ್ಲಿ ಐದೂವರೆ (ಅಲ್ಲಿನ ಚಳಿಗಾಲದಲ್ಲಿ ಆರೂವರೆ), ಅಮ್ಮನ ಕಾಫಿ ಹೊತ್ತು. ಕನ್ನಡದವರ ಕಾರ್ಯಕ್ರಮಗಳು ಸದ್ಯಕ್ಕೆ ಬೇಡ.

ಈ ಕೊನೇ ಮಾತಿಗೆ ಸಹೋದ್ಯೋಗಿಯೊಬ್ಬರು ಬೇಜಾರು ಮಾಡ್ಕೊಂಡ್ರು, ನಮ್ಮವರಿಂದ ದೂರ ಮಾಡ್ತಿದೀಯ ಅಂತ. ಕನ್ನಡ ಕೂಟಗಳ ಮೇಲೆ ನಂಗೆ ಗೌರವ ಇದೆ, ಎಷ್ಟೋ ಜನರನ್ನ ಅವು ಉಳಿಸಿವೆ. ಆದ್ರೆ ಇವರು ಅಲ್ಲಿ ಹೋಗಿ ಪ್ರತಿ ಕುರ್ಚಿಯಲ್ಲೂ ಅಪ್ಪನ್ನ ಹುಡುಕ್ತಿದ್ರು. ದುಃಖ ಹಸಿಯಾಗಿದ್ದಾಗ ಹೋಲಿಕೆಗೆ ಆಸ್ಪದ ಇಲ್ಲದ ಜಾಗನೇ ವಾಸಿ ಅನ್ನೋದು ನನ್ನ ನಂಬಿಕೆ, ಇವತ್ತೂ ಅದನ್ನೇ ಹೇಳ್ತೀನಿ.

ಆರು ತಿಂಗಳಾಯ್ತು. ಸ್ನೇಹಿತರು ಅಂತ ಇನ್ನೂ ಯಾರೂ ಆಗಿಲ್ಲ, ಒಬ್ಬ ಅಜ್ಜಿ ದೂರದಿಂದ ತಲೆ ಆಡಿಸ್ತಾರಂತೆ. ಮುಂದಿನ ರಾಮನವಮಿಗೆ ರಜೆ ಹಾಕಿದಾರೆ, ಅಮ್ಮನ್ನ ಕರ್ಕೊಂಡು ಸ್ವಲ್ಪ ಬೇಗನೇ ಹೋಗ್ತೀನಿ ಅಂದ್ರು.