ಬಂಗಾರವೋ ಕಾಗೆಬಂಗಾರವೋ: ಚಾರಿಟಿ ಅಂಗಡಿಯ ಪ್ರಶ್ನೆಗಳು

ಜನ ದಾನವಾಗಿ ಕೊಟ್ಟ ಬಟ್ಟೆ, ಪಾತ್ರೆ, ಪುಸ್ತಕ, ಮೇಜು ಕುರ್ಚಿಗಳನ್ನು ಮಾರಿ, ಬಂದ ಹಣವನ್ನು ಸೇವಾಕಾರ್ಯಕ್ಕೆ ಬಳಸುವ ಚಾರಿಟಿ ಅಂಗಡಿಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳು ಈ ಬಾರಿ. ಹೆಚ್ಚಿನ ಪತ್ರಗಳು ಬಟ್ಟೆಯ ಬಗ್ಗೆ ಇರುವುದರಿಂದ ಅಲ್ಲಿಂದಲೇ ಶುರು ಮಾಡೋಣ.

ಪ್ರಶ್ನೆ: ಹ್ಯಾಂಗರಿನ ಸಾಲಿನಲ್ಲಿ ನೂರಾರು ಬಟ್ಟೆ ಇರುತ್ತವೆ. ಒಂದೊಂದನ್ನೇ ತೆಗೆದು ನೋಡಿದರೆ ಅರ್ಧ ದಿನ ಕಳೆಯುತ್ತದೆ. ಇಷ್ಟಾಗಿಯೂ ಆರಿಸಿ ತಂದದ್ದು ಎರಡು ಒಗೆತಕ್ಕೇ ಹಾಳಾಗುತ್ತದೆ. ಒಳ್ಳೆಯದನ್ನು ಬೇಗ ಗುರುತಿಸುವುದು ಹೇಗೆ?

ಉತ್ತರ: ಕಣ್ಣಿಗಿಂತ ಮೊದಲು ಕೈಗೆ ಕೆಲಸ ಕೊಡಿ. ಹ್ಯಾಂಗರುಗಳನ್ನು ಸರಿಸುವ ಬದಲು, ನೇತಾಡುವ ತೋಳುಗಳ ಮೇಲೆ ಬೆರಳಾಡಿಸುತ್ತ ಸಾಲಿನುದ್ದಕ್ಕೂ ನಡೆಯಿರಿ. ಲಿನನ್ ತಣ್ಣಗೆ, ತುಸು ಗರಿಗರಿಯಾಗಿರುತ್ತದೆ. ಉಣ್ಣೆಯನ್ನು ಮುಷ್ಟಿಯಲ್ಲಿ ಹಿಚುಕಿ ಬಿಟ್ಟರೆ ಪುಟಿದು ಮೊದಲಿನಂತಾಗುತ್ತದೆ. ಒತ್ತಾಗಿ ನೇಯ್ದ ಹತ್ತಿಗೆ ತೂಕವಿರುತ್ತದೆ. ಬೆರಳು ತಾನಾಗಿ ನಿಂತ ಕಡೆ ಮಾತ್ರ ಬಟ್ಟೆಯನ್ನು ಹೊರತೆಗೆಯಿರಿ. ಬಣ್ಣ, ಡಿಸೈನು, ಬ್ರ್ಯಾಂಡು ಯಾವುದನ್ನೂ ಇನ್ನೂ ನೋಡಬೇಡಿ. ಅಗ್ಗದ ಬಟ್ಟೆಯ ಮೇಲೆ ದುಬಾರಿ ಹೆಸರಿರುವುದು ಅಪರೂಪವೇನಲ್ಲ.

ಆಮೇಲೆ ಒಳಮೈ ಹೊರಗೆ ಮಾಡಿ. ಹೊಲಿದವರ ಪ್ರಾಮಾಣಿಕತೆ ಗೊತ್ತಾಗುವುದು ಅಲ್ಲೇ. ಒಳ್ಳೆಯ ಅಂಗಿಯಲ್ಲಿ ಒಂದು ಸೆಂಟಿಮೀಟರಿಗೆ ಆರೇಳು ಹೊಲಿಗೆ ಬಿದ್ದಿರುತ್ತವೆ, ಅವಸರದ ಕೆಲಸದಲ್ಲಿ ಮೂರು ನಾಲ್ಕು. ಚೌಕುಳಿ ಬಟ್ಟೆಯಾದರೆ ಪಕ್ಕದ ಹೊಲಿಗೆಯಲ್ಲೂ ಜೇಬಿನ ಮೇಲೂ ಗೆರೆಗಳು ಕೂಡಿಕೊಂಡಿವೆಯೇ ನೋಡಿ. ಹೊಲಿಗೆಯ ಆಚೆ ಒಳಗಡೆ ಬಟ್ಟೆ ಧಾರಾಳವಾಗಿ ಬಿಟ್ಟಿದ್ದರೆ ಮುಂದೆ ಸಡಿಲ ಮಾಡಿಸಿಕೊಳ್ಳಲೂ ಜಾಗವಿದೆ ಎಂದರ್ಥ. ಲೇಬಲ್ ಉಳಿದಿದ್ದರೆ ಗುರುತುಗಳನ್ನು ಓದಿ. 1964ರಲ್ಲಿ ಬಳಕೆಗೆ ಬಂದ ವುಲ್‌ಮಾರ್ಕ್ ಚಿಹ್ನೆ, ಅಂದರೆ ನೂಲು ಸುತ್ತಿದಂಥ ಗೆರೆಗಳ ಗುರುತು, ಶುದ್ಧ ಉಣ್ಣೆಯದು. ಗೋಳದ ಮೇಲೆ ಶಿಲುಬೆಯಿರುವ ಮುದ್ರೆ ಹ್ಯಾರಿಸ್ ಟ್ವೀಡ್ ಎಂಬ ದಪ್ಪ ಉಣ್ಣೆಬಟ್ಟೆಯದು. ಸ್ಕಾಟ್ಲೆಂಡಿನ ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲಿ ಮನೆಮಗ್ಗದಲ್ಲಿ ನೇಯ್ದ ಬಟ್ಟೆಗೆ ಮಾತ್ರ ಆ ಹೆಸರು ಸಲ್ಲಬೇಕೆಂದು 1993ರ ಕಾನೂನೇ ಇದೆ. ಮೊಣಕೈ ಸವೆದಿದ್ದರೂ ಅಂಥ ಕೋಟನ್ನು ಬಿಡಬೇಡಿ, ತೊಗಲಿನ ತೇಪೆ ಅದಕ್ಕೆ ಒಪ್ಪುತ್ತದೆ.

ಕೊನೆಯದಾಗಿ ಬೆಳಕಿಗೆ ಹಿಡಿಯಿರಿ. ಮೊಣಕೈ, ಪ್ಯಾಂಟಿನ ತೊಡೆಸಂದು, ಕೂರುವ ಭಾಗ, ಕಾಲರಿನ ಮಡಿಕೆ, ಕಂಕುಳು: ಬಟ್ಟೆ ಮೊದಲು ಸೋಲುವುದು ಇಲ್ಲಿ. ಉಳಿದ ಕಡೆಗಿಂತ ಹೆಚ್ಚು ಬೆಳಕು ತೂರಿ ಬಂದರೆ ಅಲ್ಲಿ ನೂಲು ಸವೆದಿದೆ, ಕೆಲವು ತಿಂಗಳಲ್ಲಿ ಹರಿಯುತ್ತದೆ. ನಿಮ್ಮ ಬಟ್ಟೆ ಎರಡು ಒಗೆತಕ್ಕೇ ಹಾಳಾಗಲು ಬಹುಶಃ ಇದೇ ಕಾರಣ.

ಯಾವ ದೋಷ ಸರಿಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂದು ತಿಳಿದವರಿಗೆ ಈ ಅಂಗಡಿಗಳಲ್ಲಿ ನಿಜವಾದ ಲಾಭ. ಗುಂಡಿ ಬಿದ್ದಿದೆ, ಅಂಚು ಬಿಚ್ಚಿದೆ, ಹೊಲಿಗೆ ಬಿಟ್ಟಿದೆ, ಮೈಮೇಲೆ ನೂಲುಂಡೆಗಳು ಎದ್ದಿವೆ ಎಂಬ ಕಾರಣಕ್ಕೆ ಬೇರೆಯವರು ಬಿಟ್ಟು ಹೋದದ್ದನ್ನು ಧೈರ್ಯವಾಗಿ ಎತ್ತಿಕೊಳ್ಳಿ. ಜಿಪ್ಪಿನ ಹಲ್ಲುಗಳು ಪೂರ್ತಿ ಇದ್ದು, ಎಳೆದ ಹಿಂದೆಯೇ ಬಿಚ್ಚಿಕೊಳ್ಳುತ್ತಿದ್ದರೆ ಸವೆದಿರುವುದು ಸರಿದಾಡುವ ತುಂಡು. ಅದರ ಎರಡೂ ಬದಿಯನ್ನು ಇಕ್ಕಳದಿಂದ ಹಗುರವಾಗಿ ಅದುಮಿದರೆ ಎಷ್ಟೋ ಸಲ ಸರಿಯಾಗುತ್ತದೆ. ಹಲ್ಲೇ ಮುರಿದಿದ್ದರೆ ಇಡೀ ಜಿಪ್ಪನ್ನು ಬದಲಿಸಬೇಕು. ಕೋಟಿನ ಮಟ್ಟಿಗೆ ಅದು ಬಟ್ಟೆಯ ಬೆಲೆಗಿಂತ ದುಬಾರಿಯಾಗಬಹುದು. ಕಾಲರಿನ ಮಡಿಕೆ ಮಾತ್ರ ಹಿಂಜಿದ್ದರೆ ದರ್ಜಿಗೆ ಕೊಟ್ಟು ಕಾಲರನ್ನು ಬಿಚ್ಚಿಸಿ, ತಿರುವಿ ಹೊಲಿಸಬಹುದು. ಬಿಳಿ ಅಂಗಿಯ ಕಂಕುಳಲ್ಲಿ ಹಳದಿ ಕಲೆಯಿದ್ದರೆ ಸೋಡಿಯಂ ಪರ್ಕಾರ್ಬೋನೇಟ್ ಇರುವ ಆಕ್ಸಿಜನ್ ಬ್ಲೀಚನ್ನು ಬಿಸಿನೀರಿಗೆ ಹಾಕಿ ಕೆಲವು ಗಂಟೆ ನೆನೆಸಿ. ಕ್ಲೋರಿನ್ ಬ್ಲೀಚ್ ಬೇಡ, ಅದು ಬೆವರಿನ ಕಲೆಯನ್ನು ಇನ್ನಷ್ಟು ಹಳದಿ ಮಾಡುತ್ತದೆ. ಉಣ್ಣೆಗೂ ರೇಷ್ಮೆಗೂ ಇವೆರಡೂ ವರ್ಜ್ಯ.

ಬಿಸಿನೀರಲ್ಲಿ ಒಗೆದು ಕುಗ್ಗಿ ಕಂಬಳಿಯಂತೆ ಗಟ್ಟಿಯಾದ ಸ್ವೆಟರನ್ನು ಅಲ್ಲೇ ಬಿಡಿ. ಎಳೆಗಳ ಮೇಲಿನ ಸೂಕ್ಷ್ಮ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡ ಮೇಲೆ ಮತ್ತೆ ಬಿಡಿಸಿಕೊಳ್ಳುವುದಿಲ್ಲ. ಎಳೆದಾಗ ಚಟಚಟ ಎನ್ನುವ ಇಲಾಸ್ಟಿಕ್ ಸತ್ತಿದೆ. ಸೊಂಟಪಟ್ಟಿಯದಾದರೆ ಬದಲಿಸಬಹುದು, ಬಟ್ಟೆಯ ನೂಲಲ್ಲೇ ಬೆರೆತಿದ್ದರೆ ಆಗದು.

ಅಳತೆಗೆ ಲೇಬಲಿನ ಸಂಖ್ಯೆಯನ್ನು ನಂಬಬೇಡಿ. ಒಂದೊಂದು ಕಾಲದಲ್ಲಿ, ಒಂದೊಂದು ಕಂಪನಿಯಲ್ಲಿ ಅದು ಒಂದೊಂದು ರೀತಿ. ನಿಮಗೆ ಸರಿಯಾಗಿ ಕೂರುವ ಒಂದು ಅಂಗಿಯನ್ನು ಚಪ್ಪಟೆಯಾಗಿ ಹಾಸಿ, ಕಂಕುಳಿಂದ ಕಂಕುಳಿಗೆ, ಭುಜದಿಂದ ಭುಜಕ್ಕೆ, ಕತ್ತಿನಿಂದ ಅಂಚಿನವರೆಗೆ ಅಳೆದು ಬರೆದಿಟ್ಟುಕೊಳ್ಳಿ. ಟೇಪು ಚೀಲದಲ್ಲಿರಲಿ. ಭುಜದ ಅಳತೆ ತಪ್ಪಿದ ಕೋಟನ್ನು ಸರಿಮಾಡುವುದು ನುರಿತ ದರ್ಜಿಗೂ ಕಷ್ಟ; ಉದ್ದ, ಸೊಂಟ, ತೋಳು ಇವುಗಳದ್ದೇನೂ ಚಿಂತೆಯಿಲ್ಲ.

ಪ್ರಶ್ನೆ: ಲೇಬಲ್ ಕತ್ತರಿಸಿದ ಬಟ್ಟೆಯನ್ನು ಹೇಗೆ ಒಗೆಯಬೇಕೆಂದು ತಿಳಿಯುವುದಿಲ್ಲ.

ಉತ್ತರ: ಮನೆಗೆ ತಂದ ಮೇಲೆ ಒಳಗಿನ ಅಂಚಿನಿಂದ ಒಂದು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ ಬಂದರೆ ಹತ್ತಿ, ಲಿನನ್ ಅಥವಾ ರೇಯಾನ್. ಕೂದಲು ಸುಟ್ಟ ವಾಸನೆ ಬಂದು, ಬೆಂಕಿ ತೆಗೆದೊಡನೆ ಆರಿ, ಕರಿಯ ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ ಇಲ್ಲವೇ ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಅಥವಾ ನೈಲಾನ್. ಎರಡೂ ಲಕ್ಷಣ ಕಂಡರೆ ಮಿಶ್ರ ನೂಲು. ಉಣ್ಣೆ, ರೇಷ್ಮೆ ಎಂದು ಅನುಮಾನ ಬಂದರೂ ಸಾಕು, ತಣ್ಣೀರು, ಸೌಮ್ಯ ಸೋಪು, ಉಜ್ಜದೆ ಅದುಮುವ ಒಗೆತ.

ಪ್ರಶ್ನೆ: ತಂದ ಬಟ್ಟೆಯಲ್ಲಿ ಮುಗ್ಗಲು ವಾಸನೆ, ಕೆಲವದರಲ್ಲಿ ನುಸಿಗುಳಿಗೆಯ ಘಾಟು. ಜೊತೆಗೆ ತಿಗಣೆಯ ಭಯ ಬೇರೆ.

ಉತ್ತರ: ಭಯಕ್ಕೆ ಮೊದಲ ಮದ್ದು ಕ್ರಮ. ತಂದದ್ದನ್ನು ಕಪಾಟಿಗಾಗಲಿ ಹಾಸಿಗೆಯ ಮೇಲಾಗಲಿ ಇಡದೆ ಚೀಲದಲ್ಲೇ ಕಟ್ಟಿಡಿ. ಹತ್ತಿಯಂಥ ಗಟ್ಟಿ ಬಟ್ಟೆಯನ್ನು 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಗೆದರೆ ತಿಗಣೆಯೂ ಅದರ ಮೊಟ್ಟೆಯೂ ಸಾಯುತ್ತವೆ. ಬಿಸಿ ತಾಳದ ಉಣ್ಣೆ, ರೇಷ್ಮೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ನುಸಿಯ ಮೊಟ್ಟೆಗೂ ಅಷ್ಟು ಕಾಲ ಬೇಕು. ಎರಡು ದಿನ ಇಟ್ಟು ತೆಗೆದರೆ ದೊಡ್ಡವು ಸತ್ತು ಮೊಟ್ಟೆ ಉಳಿದೀತು. ಹೊರತೆಗೆದ ಮೇಲೆ ಬಟ್ಟೆ ಕೋಣೆಯ ಬಿಸಿಗೆ ಬರುವ ತನಕ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ಗಾಳಿಯ ತೇವವೆಲ್ಲ ಬಟ್ಟೆಯ ಮೇಲೆ ನೀರಾಗಿ ಕೂರುತ್ತದೆ.

ನುಸಿಗುಳಿಗೆಯ ಘಾಟು ಒಗೆದರೆ ಪೂರ್ತಿ ಹೋಗುವುದಿಲ್ಲ. ಅದು ಆವಿಯಾಗಿ ಹೋಗಬೇಕಾದ ವಸ್ತು. ಗಾಳಿಯಾಡುವ ಬೆಚ್ಚನೆಯ ನೆರಳಲ್ಲಿ ಕೆಲವು ದಿನ ನೇತುಹಾಕಿ, ಆಮೇಲೆ ಒಗೆಯಿರಿ. ಮುಗ್ಗಲು ವಾಸನೆ ಬೂಷ್ಟಿನದು: ಒಂದು ಪಾಲು ಬಿಳಿ ವಿನಿಗರ್, ನಾಲ್ಕು ಪಾಲು ನೀರು, ಅರ್ಧ ಗಂಟೆ ನೆನೆತ, ಆಮೇಲೆ ಮಾಮೂಲು ಒಗೆತ, ಬಿಸಿಲು. ವಿನಿಗರನ್ನು ಬ್ಲೀಚಿನ ಜೊತೆ ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಪುಸ್ತಕಕ್ಕೆ ನೀರು ತಾಗಿಸುವಂತಿಲ್ಲವಾದ್ದರಿಂದ, ಮುಚ್ಚಳವಿರುವ ಡಬ್ಬದಲ್ಲಿ ಒಂದು ಬಟ್ಟಲು ಅಡುಗೆ ಸೋಡಾ ಇಟ್ಟು, ಪುಡಿ ತಾಗದಂತೆ ಪಕ್ಕದಲ್ಲಿ ಪುಸ್ತಕವನ್ನು ಹಾಳೆ ಬಿಚ್ಚಿ ನಿಲ್ಲಿಸಿ, ಒಂದೆರಡು ವಾರ ಬಿಡಿ.

ಪ್ರಶ್ನೆ: ತುಕ್ಕು ಹಿಡಿದ ಎರಕದ ಕಬ್ಬಿಣದ ಬಾಣಲೆ ಕಂಡೆ. ಕೊಳ್ಳಬಹುದೇ?

ಉತ್ತರ: ತುಕ್ಕು ದೋಷವೇ ಅಲ್ಲ, ಬೆಲೆ ಇಳಿಸುವ ಉಪಕಾರಿ. ನೋಡಬೇಕಾದದ್ದು ಬಿರುಕು ಮತ್ತು ಬಾಗು. ಬಾಣಲೆಯನ್ನು ಹಿಡಿಯಲ್ಲಿ ತೂಗುಹಾಕಿ ಬೆರಳ ಗೆಣ್ಣಿನಿಂದ ತಟ್ಟಿ: ಗಂಟೆಯಂತೆ ಎಳೆದು ನಾದ ಬಂದರೆ ಸರಿ, ಡಬ್ ಎಂದು ಮಂಕಾಗಿ ನಿಂತರೆ ಎಲ್ಲೋ ಬಿರುಕಿದೆ. ಸಮತಟ್ಟಾದ ಮೇಜಿನ ಮೇಲಿಟ್ಟು ಎದುರುಬದುರು ಅಂಚು ಒತ್ತಿ. ಕುಂಟಿದರೆ ತಳ ಬಾಗಿದೆ. ಬಿರುಕಿಗೂ ಬಾಗಿಗೂ ಮನೆಯಲ್ಲಿ ಪರಿಹಾರವಿಲ್ಲ.

ತುಕ್ಕು ತೆಗೆಯಲು ಸಮಪಾಲು ವಿನಿಗರ್ ಮತ್ತು ನೀರು. ಅರ್ಧ ಗಂಟೆಗೊಮ್ಮೆ ತೆಗೆದು ಉಕ್ಕಿನ ನಾರಿನಿಂದ ಉಜ್ಜಿ ನೋಡುತ್ತಿರಬೇಕು. ರಾತ್ರಿಯಿಡೀ ಬಿಟ್ಟರೆ ಆಮ್ಲ ಕಬ್ಬಿಣವನ್ನೇ ತಿಂದು ಗುಳಿ ಬೀಳಿಸುತ್ತದೆ. ತೊಳೆದ ಕೂಡಲೇ ಒಲೆಯ ಮೇಲಿಟ್ಟು ತೇವ ಆರಿಸಿ, ಇಲ್ಲವಾದರೆ ನೋಡನೋಡುತ್ತಲೇ ಕೆಂಪಾಗುತ್ತದೆ. ಇನ್ನು ಪಳಗಿಸುವುದು. ಒಳಗೂ ಹೊರಗೂ ಎಣ್ಣೆ ಸವರಿ, ಆಮೇಲೆ ಒಣಬಟ್ಟೆಯಿಂದ ಎಣ್ಣೆಯೇ ಹಚ್ಚಿಲ್ಲವೇನೋ ಎನ್ನುವಷ್ಟು ಒರೆಸಿ ತೆಗೆಯಿರಿ. ಓವನ್ನಿನಲ್ಲಿ ಬೋರಲಾಗಿಟ್ಟು 230 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ, ಒಳಗೇ ಆರಲು ಬಿಡಿ. ಇದನ್ನು ಮೂರು ನಾಲ್ಕು ಸಲ ಮಾಡಿದರೆ ಕರಿಯ ಹೊಳಪು ಕೂರುತ್ತದೆ. ಮೈ ಅಂಟಂಟಾದರೆ ಎಣ್ಣೆ ಹೆಚ್ಚಾಗಿತ್ತು ಎಂದರ್ಥ. ಮತ್ತೆ ಕಾಯಿಸಿದರೆ ಅಂಟು ಹೋಗುತ್ತದೆ.

ಹಳೆಯ ಪಾತ್ರೆಗಳಲ್ಲಿ ನಿಜವಾಗಿ ಅಂಜಬೇಕಾದದ್ದು ಸೀಸಕ್ಕೆ. ಗಾಢ ಬಣ್ಣದ ಹಳೆಯ ಪಿಂಗಾಣಿ, ಅದರಲ್ಲೂ ಮೆರುಗು ಬಿರಿದದ್ದು, ಅಲಂಕಾರಕ್ಕಿರಲಿ, ಹುಳಿ ಪದಾರ್ಥ ಬಡಿಸಲು ಬೇಡ. ಭಾರವಾದ ಕ್ರಿಸ್ಟಲ್ ಗಾಜಿನ ಹೂಜಿಯಲ್ಲಿ ಪಾನೀಯ ತುಂಬಿ ದಿನಗಟ್ಟಲೆ ಇಡಬೇಡಿ.

ಪ್ರಶ್ನೆ: ಹೊಸದರಂತೆ ಹೊಳೆಯುತ್ತಿದ್ದ ಶೂ. ಹಾಕಿ ನಡೆದ ಮೊದಲ ದಿನವೇ ಅಡಿ ಪುಡಿಪುಡಿಯಾಗಿ ಉದುರಿತು. ಯಾಕೆ?

ಉತ್ತರ: ಅದು ಪಾಲಿಯುರೆಥೇನ್ ಅಡಿ. ಗಾಳಿಯ ತೇವ ಆ ಪ್ಲಾಸ್ಟಿಕ್ಕಿನ ಕೊಂಡಿಗಳನ್ನು ನಿಧಾನವಾಗಿ ಬಿಡಿಸುತ್ತದೆ, ಹಾಕದೆ ಡಬ್ಬದಲ್ಲಿಟ್ಟ ಶೂಗೂ ಹಾಗೆಯೇ ಆಗುತ್ತದೆ. ಕೆಲವೇ ವರ್ಷಗಳಲ್ಲಿ ಒಳಗೆಲ್ಲ ಶಿಥಿಲವಾದರೂ ಹೊರಗೆ ಕಾಣದು. ಮುಂದಿನ ಸಲ ಅಂಗಡಿಯಲ್ಲೇ ಶೂವನ್ನು ಜೋರಾಗಿ ಬಗ್ಗಿಸಿ, ಅಡಿಯ ಅಂಚನ್ನು ಉಗುರಿನಿಂದ ಒತ್ತಿ ನೋಡಿ. ಗೀರು ಹಾಗೇ ಉಳಿದರೆ, ಜಿನುಗಿದಂತೆ ಅಂಟಿದರೆ, ಕೂದಲೆಳೆಯ ಬಿರುಕು ಕಂಡರೆ ಬೇಡ. ಚಕ್ಕೆ ಏಳುವ ಕೃತಕ ತೊಗಲಿನ ಚೀಲ, ಜಾಕೆಟುಗಳ ಕಥೆಯೂ ಇದೇ. ತೊಗಲಿನ ಅಡಿಯನ್ನು ಹೊಲಿದು ಕೂರಿಸಿದ ಶೂ ಸಿಕ್ಕರೆ ಅಡಿ ಸವೆದಿದ್ದರೂ ಕೊಳ್ಳಿ, ಚಮ್ಮಾರರು ಹೊಸ ಅಡಿ ಹಾಕಿಕೊಡುತ್ತಾರೆ.

ಪ್ರಶ್ನೆ: ಖಾನೆಗಳಿರುವ ಮರದ ಕಪಾಟು ಗಟ್ಟಿಯೇ ಎಂದು ಹೇಗೆ ತಿಳಿಯುವುದು?

ಉತ್ತರ: ಖಾನೆಯೊಂದನ್ನು ಪೂರ್ತಿ ಹೊರಗೆಳೆದು ಮೂಲೆ ನೋಡಿ. ಎರಡು ಹಲಗೆಗಳು ಹಲ್ಲಿಗೆ ಹಲ್ಲು ಕಚ್ಚಿಕೊಂಡಿದ್ದರೆ ಬಡಗಿ ಮನಸ್ಸಿಟ್ಟು ಮಾಡಿದ್ದಾನೆ. ಬರೀ ಪಿನ್ನು, ಅಂಟು ಕಂಡರೆ ಬಾಳಿಕೆ ಕಡಿಮೆ. ಮೇಲ್ಮೈಯ ಮರದ ಗೆರೆಗಳು ಅಂಚಿನಲ್ಲಿ ಇಳಿದು ಮುಂದುವರಿದರೆ ಗಟ್ಟಿ ಮರ, ಅಂಚಿನಲ್ಲಿ ಬೇರೆ ಪಟ್ಟಿ ಅಂಟಿಸಿದ್ದರೆ ಮೇಲಿನದು ತೆಳು ಹಾಳೆ. ಒಂದೆರಡು ಮಿಲಿಮೀಟರಿನ ದುಂಡು ತೂತುಗಳಿದ್ದು, ತಟ್ಟಿದಾಗ ತಿಳಿಬಣ್ಣದ ಹೊಸ ಪುಡಿ ಉದುರಿದರೆ ಕೊರೆಹುಳು ಇನ್ನೂ ಒಳಗಿದೆ. ಅಂಥದ್ದನ್ನು ಮನೆಯೊಳಗೆ ತರಬೇಡಿ.

ಪ್ರಶ್ನೆ: ಇಂಥ ಅಂಗಡಿಯಿಂದ ಎಷ್ಟೇ ಅಗ್ಗವಾದರೂ ತರಬಾರದ್ದು ಯಾವುದು?

ಉತ್ತರ: ಹೆಲ್ಮೆಟ್, ಮಗುವಿನ ಕಾರ್ ಸೀಟ್. ಒಮ್ಮೆ ಪೆಟ್ಟು ತಿಂದ ಹೆಲ್ಮೆಟಿನ ಒಳಗಿನ ಫೋಮು ಅಮುಕಿಹೋಗಿರುತ್ತದೆ, ಹೊರಗಿನ ಚಿಪ್ಪು ಮಾತ್ರ ಹೊಸದಾಗಿ ಕಾಣುತ್ತದೆ. ಪಕ್ಕದ ಕಟಕಟೆ ಕೆಳಗೆ ಜಾರುವ ತೊಟ್ಟಿಲುಮಂಚವೂ ಬೇಡ. ಶಿಶುಗಳ ಸಾವಿನ ನಂತರ ಅಮೆರಿಕ 2011ರಲ್ಲಿ ಅವುಗಳ ಮಾರಾಟವನ್ನೇ ನಿಷೇಧಿಸಿತು. ಉಬ್ಬಿದ ಬ್ಯಾಟರಿಯ ಯಾವ ಉಪಕರಣವನ್ನೂ ಮುಟ್ಟಬೇಡಿ. ಗೀರು ಬಿದ್ದ ನಾನ್‌ಸ್ಟಿಕ್ ತವೆ, ಬಳಸಿದ ಹಾಸಿಗೆ, ದಿಂಬು ಇವನ್ನೂ ಬಿಡಿ.

ಪ್ರಶ್ನೆ: ಚೌಕಾಸಿ ಮಾಡಬಹುದೇ? ಯಾವಾಗ ಹೋದರೆ ಒಳ್ಳೆಯದು?

ಉತ್ತರ: ಈ ಅಂಗಡಿಗಳ ಲಾಭ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮರೆಯಬಾರದು. ಎಡ್ಗರ್ ಹೆಲ್ಮ್ಸ್ ಎಂಬ ಪಾದ್ರಿ 1902ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಗುಡ್‌ವಿಲ್ ಎಂಬ ಸೇವಾಸಂಸ್ಥೆಯನ್ನು ಕಟ್ಟಿದಾಗ, ಉಳ್ಳವರ ಮನೆಯಿಂದ ಹಳೆಯ ಸಾಮಾನು ಸಂಗ್ರಹಿಸಿ, ಬಡವರಿಗೆ ಅದನ್ನು ದುರಸ್ತಿ ಮಾಡುವ ಕೆಲಸ ಕೊಟ್ಟರು. ಹಾಗಾಗಿ ಸರಿಯಾದ ಬೆಲೆಯ ಮೇಲೆ ಎಳೆದಾಡುವುದು ನಮಗೆ ಸರಿಕಾಣದು. ಚೀಟಿ ಅಂಟಿಸಿದವರ ಕಣ್ಣಿಗೆ ಬೀಳದ ದೋಷ, ಉದಾಹರಣೆಗೆ ನುಸಿತೂತು, ಮುರಿದ ಜಿಪ್ಪು ಕಂಡರೆ ತೋರಿಸಿ, ಬೆಲೆ ಇಳಿಸಬಹುದೇ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಸಮಯದ ವಿಷಯ: ಋತುವಿಗೆ ವಿರುದ್ಧವಾಗಿ ಕೊಳ್ಳಿ, ಸೆಕೆಯಲ್ಲಿ ಸ್ವೆಟರು, ಚಳಿಯಲ್ಲಿ ಲಿನನ್. ಜನ ಮನೆ ಚೊಕ್ಕಟ ಮಾಡಿ ಸಾಮಾನು ಕೊಡುವುದು ಹೆಚ್ಚಾಗಿ ರಜೆಯ ದಿನಗಳಲ್ಲಿ, ಅದು ವಿಂಗಡವಾಗಿ ಹೊರಬರಲು ಒಂದೆರಡು ದಿನ ಬೇಕು. ಹೊಸ ಸರಕು ಯಾವ ದಿನ ಜೋಡಿಸುತ್ತೀರಿ ಎಂದು ಅಂಗಡಿಯವರನ್ನೇ ಕೇಳಿ, ಸಂತೋಷದಿಂದ ಹೇಳುತ್ತಾರೆ. ಹೋಗುವಾಗ ಟೇಪು, ಸಣ್ಣ ಟಾರ್ಚು, ಗಡಿಯಾರ ಆಟಿಕೆಗಳನ್ನು ಪರೀಕ್ಷಿಸಲು ಒಂದೆರಡು ಬ್ಯಾಟರಿ ಸೆಲ್ಲು ಜೊತೆಗಿರಲಿ. ವಿದ್ಯುತ್ ಉಪಕರಣವಾದರೆ ಹಿಂದಿನ ಪಟ್ಟಿಯಲ್ಲಿ ವೋಲ್ಟೇಜ್ ಓದಿ: 110ರದ್ದನ್ನು 230ರ ಪ್ಲಗ್ಗಿಗೆ ಚುಚ್ಚಿದರೆ ಸುಟ್ಟುಹೋಗುತ್ತದೆ. ಪ್ಲಗ್ ಹಾಕಿ ತೋರಿಸಲು ಅಂಗಡಿಯವರು ಒಪ್ಪದಿದ್ದರೆ, ಹಿಂದಿರುಗಿಸುವ ನಿಯಮ ಏನೆಂದು ಹಣ ಕೊಡುವ ಮೊದಲು ಕೇಳಿಕೊಳ್ಳಿ, ರಸೀದಿ ತೆಗೆದಿಡಿ.