ನೂರು ಕಾರ್ಡ್‌ಗಳ ಲೆಕ್ಕಾಚಾರ: ಕಮಾಂಡರ್ ಡೆಕ್ ಕುರಿತು ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮ್ಯಾಜಿಕ್: ದಿ ಗ್ಯಾದರಿಂಗ್ ಎಂಬ ಕಾರ್ಡ್ ಆಟದ ಕಮಾಂಡರ್ ಪದ್ಧತಿಯ ಬಗ್ಗೆಯೇ ಇವೆ. ಹೊಸಬರಿಗಾಗಿ ಎರಡು ಮಾತು. ಮುಂದಾಳು ಕಾರ್ಡ್ ಆದ ಕಮಾಂಡರ್ ಸೇರಿ ಡೆಕ್‌ನಲ್ಲಿ (ಕಾರ್ಡ್ ಕಟ್ಟಿನಲ್ಲಿ) ಸರಿಯಾಗಿ 100 ಕಾರ್ಡ್ ಇರಬೇಕು. ಮಾನಾ (ಕಾರ್ಡ್ ಹಾಕಲು ತೆರುವ ಶಕ್ತಿ) ಕೊಡುವ ಬೇಸಿಕ್ ಲ್ಯಾಂಡ್ ಬಿಟ್ಟರೆ ಸಾಮಾನ್ಯವಾಗಿ ಯಾವ ಕಾರ್ಡ್‌ನದೂ ಎರಡನೇ ಪ್ರತಿ ಇರುವಂತಿಲ್ಲ. ತಲಾ 40 ಲೈಫ್‌ನಿಂದ ಆಟ ಶುರು. ಸಾಮಾನ್ಯವಾಗಿ ನಾಲ್ವರು ಕೂತು ಆಡುತ್ತಾರೆ.

ಪ್ರಶ್ನೆ: ಲಾಥ್ರಿಲ್ ಕಮಾಂಡರ್ ಆಗಿರುವ ರೆಡಿಮೇಡ್ ಎಲ್ಫ್ ಡೆಕ್ ಕೊಂಡು ಅದರಲ್ಲಿ 20 ಕಾರ್ಡ್ ಬದಲಿಸಿದೆ. 4 ಲ್ಯಾಂಡ್, ಮಾನಾ ಕೊಡುವ 5 ಕಾರ್ಡ್ ಮತ್ತು ಕೆಲವು ಚಿಕ್ಕ ಎಲ್ಫ್‌ಗಳನ್ನು ತೆಗೆದು, 6–7 ಮಾನಾದ ಬಲವಾದ ಕ್ರೀಚರ್‌ಗಳನ್ನು (ಹೋರಾಡುವ ಜೀವಿಗಳನ್ನು) ಹಾಕಿದ್ದೇನೆ. ಈಗ ಮೊದಲಿಗಿಂತ ಹೆಚ್ಚು ಸೋಲುತ್ತಿದ್ದೇನೆ. ಯಾಕೆ?

ಉತ್ತರ: ಕಾರಣ ನೀವು ಹಾಕಿದ ಕಾರ್ಡ್‌ಗಳಲ್ಲಿಲ್ಲ, ತೆಗೆದ ಕಾರ್ಡ್‌ಗಳಲ್ಲಿದೆ. ಡೆಕ್‌ನ ಖರ್ಚು ಏರಿಸಿ ಆದಾಯ ಇಳಿಸಿದ್ದೀರಿ. 7 ಮಾನಾದ ಕ್ರೀಚರ್ ಎಷ್ಟೇ ಬಲಶಾಲಿಯಾಗಿದ್ದರೂ ನಾಲ್ಕು ಲ್ಯಾಂಡ್ ಇಟ್ಟುಕೊಂಡು ಕೂತವರ ಕೈಯಲ್ಲಿ ಅದು ಬರೀ ಚಿತ್ರ.

ಬಹುಪಾಲು ಡೆಕ್‌ಗಳಿಗೆ ಹೊಂದುವ ಒಂದು ಅಳತೆ ಹೀಗಿದೆ. ಕಮಾಂಡರ್ ಬಿಟ್ಟು ಉಳಿದ 99ರಲ್ಲಿ ಲ್ಯಾಂಡ್ 37, ಮಾನಾ ಹೆಚ್ಚಿಸುವ ರ್‍ಯಾಂಪ್ 10, ಕಾರ್ಡ್ ಎಳೆಯುವ ಡ್ರಾ 10, ಒಂದೊಂದೇ ಗುರಿಯನ್ನು ತೆಗೆಯುವ ರಿಮೂವಲ್ 8, ಇಡೀ ಬೋರ್ಡ್ ಗುಡಿಸುವ ವೈಪ್ 3. ಉಳಿಯುವ 31 ಕಾರ್ಡ್ ನಿಮ್ಮ ಆಟದ ತಿರುಳಿಗೆ. ಇದು ಕಲ್ಲಿನಲ್ಲಿ ಕೊರೆದ ಶಾಸನವಲ್ಲ. ಎಲ್ಫ್ ಡೆಕ್‌ನಲ್ಲಿ ವೈಪ್ ಹಾಕಿದರೆ ಮೊದಲು ನಿಮ್ಮ ಸೈನ್ಯವೇ ಸಾಯುತ್ತದೆ, ಹಾಗಾಗಿ ಒಂದು ಸಾಕು. ಎರಡು ಕೆಲಸ ಮಾಡುವ ಕಾರ್ಡ್‌ಗಳೂ ಇವೆ: ಬೀಸ್ಟ್ ವಿಸ್ಪರರ್ ಸ್ವತಃ ಎಲ್ಫ್, ಜೊತೆಗೆ ನೀವು ಕ್ರೀಚರ್ ಸ್ಪೆಲ್ ಹಾಕಿದಾಗಲೆಲ್ಲ ಒಂದು ಕಾರ್ಡ್ ಕೊಡುತ್ತದೆ. ಅದನ್ನು ಎರಡೂ ಲೆಕ್ಕಕ್ಕೆ ಹಿಡಿಯಬಹುದು.

ರ್‍ಯಾಂಪ್ 10 ಇರಲಿ ಎನ್ನುವುದು ಅಂದಾಜಿನ ಮಾತಲ್ಲ. ಮೊದಲ ಕೈಯ 7, ಎರಡು ಸರದಿಯ 2, ಒಟ್ಟು 9 ಕಾರ್ಡ್ ನೋಡುವಷ್ಟರಲ್ಲಿ ಒಂದಾದರೂ ರ್‍ಯಾಂಪ್ ಸಿಗುವ ಸಾಧ್ಯತೆ, ಡೆಕ್‌ನಲ್ಲಿ 10 ಇದ್ದರೆ ಸುಮಾರು ಶೇ. 63, 5 ಇದ್ದರೆ ಶೇ. 39ಕ್ಕೆ ಇಳಿಯುತ್ತದೆ. ಎರಡನೇ ಸರದಿಯಲ್ಲಿ ರ್‍ಯಾಂಪ್ ಹಾಕಿದವರು ಮೂರನೆಯದರಲ್ಲಿ 4 ಮಾನಾದ ಲಾಥ್ರಿಲ್‌ಳನ್ನು ಇಳಿಸುತ್ತಾರೆ. ಆ ಒಂದು ಸರದಿಯ ವ್ಯತ್ಯಾಸವನ್ನು ಆಟ ಮುಗಿಯುವವರೆಗೂ ತುಂಬಿಕೊಳ್ಳುವುದು ಕಷ್ಟ.

ಮಾಡಬೇಕಾದದ್ದು: ತೆಗೆದ 4 ಲ್ಯಾಂಡ್‌ಗಳನ್ನು ವಾಪಸ್ ಹಾಕಿ. ಲಾನೊವಾರ್ ಎಲ್ವ್ಸ್, ಎಲ್ವಿಶ್ ಮಿಸ್ಟಿಕ್, ಫಿಂಡ್‌ಹಾರ್ನ್ ಎಲ್ವ್ಸ್ ಈ ಮೂರೂ 1 ಮಾನಾದ, ಮಾನಾ ಕೊಡುವ ಎಲ್ಫ್‌ಗಳು, ಮೂರೂ ಇರಲಿ. ರ್‍ಯಾಂಪ್ ಪೂರ್ತಿ ಎಲ್ಫ್‌ಗಳದ್ದೇ ಆದರೆ ಎದುರಾಳಿಯ ಒಂದು ವೈಪ್‌ಗೆ ಸೈನ್ಯವೂ ಆದಾಯವೂ ಒಟ್ಟಿಗೆ ಹೋಗುತ್ತದೆ. ಅದಕ್ಕೆ ಕಲ್ಟಿವೇಟ್, ಕೊಡಾಮಾಸ್ ರೀಚ್‌ನಂಥ ಲ್ಯಾಂಡ್ ಹುಡುಕಿ ತರುವ ಕಾರ್ಡ್ ಮೂರ್ನಾಲ್ಕು ಬೇಕು. 6 ಮಾನಾ ಮತ್ತು ಅದಕ್ಕೂ ಮೇಲಿನವು ಒಟ್ಟು ಐದಾರು ಮೀರದಿರಲಿ.

ಲಾಥ್ರಿಲ್‌ಳ ಶಕ್ತಿಯನ್ನು ಪೂರ್ತಿ ಬಳಸುವುದಕ್ಕೂ ಕಾರ್ಡ್‌ನ ಪಠ್ಯ ಹತ್ತಿರದಿಂದ ಓದಬೇಕು. ಅವಳನ್ನು ಟ್ಯಾಪ್ ಮಾಡಿ (ಬಳಸಿದ ಗುರುತಾಗಿ ಕಾರ್ಡನ್ನು ಅಡ್ಡ ತಿರುಗಿಸಿ), ಜೊತೆಗೆ ಟ್ಯಾಪ್ ಆಗದ ಹತ್ತು ಎಲ್ಫ್‌ಗಳನ್ನು ಟ್ಯಾಪ್ ಮಾಡಿದರೆ ಪ್ರತಿ ಎದುರಾಳಿಗೂ 10 ಲೈಫ್ ನಷ್ಟ, ನಿಮಗೆ 10 ಲಾಭ. ಲಾಥ್ರಿಲ್ ಆ ಹತ್ತರಲ್ಲಿ ಸೇರುವುದಿಲ್ಲ, ಅಂದರೆ ಅವಳೂ ಸೇರಿ ಹನ್ನೊಂದು ಎಲ್ಫ್ ಬೇಕು. ಆ ಹತ್ತು ಈ ಸರದಿಯಲ್ಲೇ ಬಂದ ಟೋಕನ್‌ಗಳಾದರೂ (ಬೇರೆ ಕಾರ್ಡ್‌ನ ಪರಿಣಾಮದಿಂದ ಹುಟ್ಟುವ ಎಲ್ಫ್‌ಗಳು) ನಡೆಯುತ್ತದೆ, ಏಕೆಂದರೆ ಬಂದ ಸರದಿಯಲ್ಲೇ ಟ್ಯಾಪ್ ಚಿಹ್ನೆಯ ಶಕ್ತಿ ಬಳಸಬಾರದೆಂಬ ನಿರ್ಬಂಧ ಲಾಥ್ರಿಲ್‌ಗೆ ಮಾತ್ರ. ಅವಳು ಈ ಸರದಿಯಲ್ಲೇ ಇಳಿದಿದ್ದರೆ ಆ ನಿರ್ಬಂಧ ತಪ್ಪಿಸುವ ಹೇಸ್ಟ್ ಬೇಕು. ಕ್ರೀಚರ್‌ಗೆ ತೊಡಿಸುವ ಆಯುಧವಾದ ಲೈಟ್ನಿಂಗ್ ಗ್ರೀವ್ಸ್ ಅದನ್ನು ಕೊಡುತ್ತದೆ. ಆದರೆ ಗ್ರೀವ್ಸ್ ತೊಟ್ಟ ಕ್ರೀಚರ್‌ಗೆ ಶ್ರೌಡ್ (ಯಾರೂ ಗುರಿಯಾಗಿಸಲಾಗದ ರಕ್ಷಣೆ) ಬರುವುದರಿಂದ ನೀವೂ ಅವಳ ಮೇಲೆ ಬೇರೆ ಆಯುಧ ಹೂಡಲಾಗದು. ಗ್ರೀವ್ಸ್ ಅನ್ನು 0 ಮಾನಾಗೆ ಇನ್ನೊಂದು ಎಲ್ಫ್‌ಗೆ ತೊಡಿಸಿ, ಆಯುಧ ಹೂಡಿ, ಮತ್ತೆ ಅವಳಿಗೆ ತೊಡಿಸಿ. ಇಷ್ಟು ಓಡಾಟ ಬೇಡವೆನ್ನುವವರಿಗೆ ಸ್ವಿಫ್ಟ್‌ಫುಟ್ ಬೂಟ್ಸ್ ಇದೆ. ತೊಡಿಸಲು 1 ಮಾನಾ, ಅದು ಕೊಡುವ ಹೆಕ್ಸ್‌ಪ್ರೂಫ್ ಎದುರಾಳಿಗಳನ್ನಷ್ಟೇ ತಡೆಯುತ್ತದೆ.

ಪ್ರಶ್ನೆ: 33 ಲ್ಯಾಂಡ್ ಸಾಕು ಎಂದು ಗೆಳೆಯರು ಹೇಳುತ್ತಾರೆ. ನಿಜವೇ?

ಉತ್ತರ: ಬಹುತೇಕ ಕಾರ್ಡ್‌ಗಳು 1–2 ಮಾನಾದವಾಗಿದ್ದರೆ ನಡೆಯಬಹುದು. ಸಾಧಾರಣ ಡೆಕ್‌ಗೆ ಸಾಲದು. ಮೊದಲ ಏಳು ಕಾರ್ಡ್‌ಗಳಲ್ಲಿ ಲ್ಯಾಂಡ್ ಒಂದೂ ಇಲ್ಲದಿರುವ ಅಥವಾ ಒಂದೇ ಇರುವ ಸಾಧ್ಯತೆ 37 ಲ್ಯಾಂಡ್‌ಗೆ ಸುಮಾರು ಶೇ. 19, 33 ಲ್ಯಾಂಡ್‌ಗೆ ಶೇ. 25. ನಾಲ್ಕು ಆಟಕ್ಕೆ ಒಂದರಂತೆ ಕೆಟ್ಟ ಕೈ ಬಂದರೆ ಅದನ್ನು ದುರದೃಷ್ಟ ಎನ್ನಲಾಗದು.

ಸಂಖ್ಯೆಯಷ್ಟೇ ಮುಖ್ಯವಾದದ್ದು ಲ್ಯಾಂಡ್‌ನ ಗುಣ. ಮೂರು ಬಣ್ಣದ ಡೆಕ್‌ನಲ್ಲಿ ಬಣ್ಣವಿಲ್ಲದ ಮಾನಾ ಮಾತ್ರ ಕೊಡುವ ಲ್ಯಾಂಡ್ ಮೂರಕ್ಕಿಂತ ಹೆಚ್ಚಾದರೆ ಬೇಕಾದ ಬಣ್ಣ ಸಿಗದೆ ಕೂರಬೇಕಾಗುತ್ತದೆ. ಟ್ಯಾಪ್ ಆಗಿಯೇ ಬರುವ ಲ್ಯಾಂಡ್‌ಗಳು ಅಗ್ಗ, ಆದರೆ ಪ್ರತಿಯೊಂದೂ ಆ ಸರದಿಯ ಒಂದು ಮಾನಾ ನುಂಗುತ್ತದೆ, ಏಳೆಂಟರೊಳಗೆ ನಿಲ್ಲಿಸಿ. ಎರಡು ಅಥವಾ ಹೆಚ್ಚು ಬಣ್ಣದ ಯಾವ ಡೆಕ್‌ಗಾದರೂ, ಕಮಾಂಡರ್‌ನ ಯಾವ ಬಣ್ಣದ ಮಾನಾವನ್ನಾದರೂ ಕೊಡುವ ಕಮಾಂಡ್ ಟವರ್ ಬೇಕೇ ಬೇಕು.

ಪ್ರಶ್ನೆ: ಕೈಗೆ ಎರಡೇ ಲ್ಯಾಂಡ್, ಜೊತೆಗೆ ಸೋಲ್ ರಿಂಗ್ ಬಂದರೆ ಇಟ್ಟುಕೊಳ್ಳಬೇಕೆ? ನಮ್ಮ ಮನೆಯಲ್ಲಿ ಇದೇ ಜಗಳ.

ಉತ್ತರ: ಆ ಎರಡು ಲ್ಯಾಂಡ್ ಯಾವುವು, ಉಳಿದ ನಾಲ್ಕು ಕಾರ್ಡ್ ಏನು ಕೇಳುತ್ತವೆ ಎಂಬುದನ್ನು ನೋಡಿ ತೀರ್ಮಾನಿಸಿ. ಮೇಲಿನ ಲಾಥ್ರಿಲ್ ಡೆಕ್ಕನ್ನೇ ತೆಗೆದುಕೊಳ್ಳೋಣ. ಕೈಯಲ್ಲಿ ಒಂದು ಫಾರೆಸ್ಟ್, ಒಂದು ಸ್ವಾಂಪ್, ಸೋಲ್ ರಿಂಗ್ ಇದೆ. ಮೊದಲ ಸರದಿಯಲ್ಲಿ ಫಾರೆಸ್ಟ್, ಅದರ ಮಾನಾದಿಂದ ಸೋಲ್ ರಿಂಗ್. ಎರಡನೆಯದರಲ್ಲಿ ಸ್ವಾಂಪ್. ಹಸಿರು ಒಂದು, ಕಪ್ಪು ಒಂದು, ರಿಂಗ್‌ನಿಂದ ಬಣ್ಣವಿಲ್ಲದ ಎರಡು: ಲಾಥ್ರಿಲ್ ಎರಡನೇ ಸರದಿಯಲ್ಲೇ ಇಳಿಯುತ್ತಾಳೆ. ಖಂಡಿತ ಇಟ್ಟುಕೊಳ್ಳಿ. ಎರಡೂ ಫಾರೆಸ್ಟ್ ಆಗಿದ್ದರೆ ಲಾಥ್ರಿಲ್ ಬರಲಾರಳು, ಆದರೆ ಎರಡು ಹಸಿರು ಕೇಳುವ ಬೀಸ್ಟ್ ವಿಸ್ಪರರ್ ಕೈಯಲ್ಲಿದ್ದರೆ ಆಗಲೂ ಇಟ್ಟುಕೊಳ್ಳಬಹುದು. ಎರಡೂ ಸ್ವಾಂಪ್ ಆಗಿ, ಉಳಿದವೆಲ್ಲ ಹಸಿರು ಕಾರ್ಡ್‌ಗಳಾದರೆ ಕೈ ಬದಲಿಸಿ.

37 ಲ್ಯಾಂಡ್‌ನ ಡೆಕ್‌ನಲ್ಲಿ ಎರಡು ಲ್ಯಾಂಡ್‌ನ ಕೈ ಇಟ್ಟುಕೊಂಡರೆ, ಮೂರನೇ ಸರದಿಯೊಳಗೆ ಮೂರನೇ ಲ್ಯಾಂಡ್ ಸಿಗುವ ಸಾಧ್ಯತೆ ಸುಮಾರು ಶೇ. 77. ನಾಲ್ವರ ಆಟದಲ್ಲಿ ಮೊದಲು ಆಡುವವರೂ ಮೊದಲ ಸರದಿಯಲ್ಲಿ ಕಾರ್ಡ್ ಎಳೆಯುತ್ತಾರೆ, ಆ ಲೆಕ್ಕವನ್ನೂ ಸೇರಿಸಿಯೇ ಇದು. ಇನ್ನೊಂದು ವಿಷಯ: ಇಬ್ಬರಿಗಿಂತ ಹೆಚ್ಚು ಜನರ ಆಟದಲ್ಲಿ ಮೊದಲ ಮಲಿಗನ್ (ಕೈ ಬದಲಿಸುವುದು) ಉಚಿತ, ಹೊಸದಾಗಿ ಏಳು ಕಾರ್ಡ್ ಪೂರ್ತಿ ಸಿಗುತ್ತವೆ. ಎರಡನೆಯದಕ್ಕೆ ಏಳು ಎಳೆದು ಒಂದನ್ನು ಡೆಕ್‌ನ ತಳಕ್ಕೆ ಇಡಬೇಕು. ಉಚಿತವಾಗಿ ಸಿಗುವುದನ್ನು ಬಳಸಲು ಸಂಕೋಚಪಟ್ಟು ಕೆಟ್ಟ ಕೈ ಹಿಡಿದು ಕೂರುವವರನ್ನು ನೋಡಿದರೆ ನಿಜಕ್ಕೂ ಬೇಸರವಾಗುತ್ತದೆ.

ಪ್ರಶ್ನೆ: ನನ್ನ ನೀಲಿ ಡೆಕ್‌ನಲ್ಲಿ ರಿಸ್ಟಿಕ್ ಸ್ಟಡಿ, ಸೈಕ್ಲೋನಿಕ್ ರಿಫ್ಟ್ ಇವೆ. ಹತ್ತಕ್ಕೆ ಏಳರ ಮಟ್ಟದ ಡೆಕ್ ಎಂದು ಮೊದಲೇ ಹೇಳಿದ್ದರೂ ಜೊತೆಯವರು ಮುನಿಸಿಕೊಳ್ಳುತ್ತಾರೆ.

ಉತ್ತರ: ಹತ್ತಕ್ಕೆ ಏಳು ಎಂಬ ಅಂಕಿಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ, ಬಹಳಷ್ಟು ಮಂದಿ ತಮ್ಮ ಡೆಕ್ಕನ್ನು ಏಳು ಎಂದೇ ಕರೆಯುತ್ತಾರೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಈ ಪದ್ಧತಿಯ ಆಡಳಿತ ಸ್ವತಂತ್ರ ರೂಲ್ಸ್ ಕಮಿಟಿಯಿಂದ ವಿಜರ್ಡ್ಸ್ ಆಫ್ ದಿ ಕೋಸ್ಟ್ ಕೈಗೆ ಬಂತು. 2025ರ ಫೆಬ್ರವರಿಯಲ್ಲಿ ಅವರು ಪ್ರಾಯೋಗಿಕವಾಗಿ ಐದು ಬ್ರಾಕೆಟ್‌ಗಳನ್ನು (ಡೆಕ್‌ನ ಮಟ್ಟಗಳನ್ನು) ಪ್ರಕಟಿಸಿದರು: ಎಕ್ಸಿಬಿಷನ್, ಕೋರ್, ಅಪ್‌ಗ್ರೇಡೆಡ್, ಆಪ್ಟಿಮೈಸ್ಡ್ ಮತ್ತು ಪೂರ್ತಿ ಸ್ಪರ್ಧಾತ್ಮಕವಾದ ಸಿಇಡಿಎಚ್. ಜೊತೆಗೆ ಆಟದ ಗತಿಯನ್ನೇ ಬದಲಿಸುವ ಕಾರ್ಡ್‌ಗಳ ಗೇಮ್ ಚೇಂಜರ್ ಎಂಬ ಪಟ್ಟಿಯೂ ಬಂತು. ಮೊದಲ ಎರಡು ಬ್ರಾಕೆಟ್‌ಗಳಲ್ಲಿ ಆ ಪಟ್ಟಿಯ ಕಾರ್ಡ್ ಒಂದೂ ಇರಬಾರದು, ಮೂರನೆಯದರಲ್ಲಿ ಮೂರರವರೆಗೆ ಇರಬಹುದು. ನೀವು ಹೇಳಿದ ಎರಡೂ ಆ ಪಟ್ಟಿಯವು. ಉಳಿದವರು ಪೆಟ್ಟಿಗೆಯಿಂದ ತೆಗೆದ ರೆಡಿಮೇಡ್ ಡೆಕ್ ಆಡುತ್ತಿದ್ದರೆ ಅವರ ಮುನಿಸು ನ್ಯಾಯವಾದದ್ದೇ.

ರಿಸ್ಟಿಕ್ ಸ್ಟಡಿ ಬಲಶಾಲಿ ಎಂಬುದು ಅರ್ಧ ಮಾತು. ಎದುರಾಳಿ ಸ್ಪೆಲ್ ಹಾಕಿದಾಗಲೆಲ್ಲ ‘ಒಂದು ಮಾನಾ ಕೊಡುತ್ತೀರಾ?’ ಎಂದು ಕೇಳಬೇಕು, ಕೊಡದಿದ್ದರೆ ನಿಮಗೊಂದು ಕಾರ್ಡ್. ಮೂವರು ಎದುರಾಳಿಗಳ ಪ್ರತಿ ಸರದಿಯೂ ಇದರಿಂದ ಮುಗ್ಗರಿಸುತ್ತದೆ. ಅದರ ಬದಲು ಫ್ಯಾಕ್ಟ್ ಆರ್ ಫಿಕ್ಷನ್ ಹಾಕಿ: ಐದು ಕಾರ್ಡ್ ತೆರೆದಿಟ್ಟಾಗ ಎದುರಾಳಿ ಅವನ್ನು ಎರಡು ಗುಂಪು ಮಾಡಬೇಕು, ಯಾವ ಗುಂಪು ಎಂಬ ಆಯ್ಕೆ ನಿಮ್ಮದು. ಅಲ್ಲಿ ಮೇಜಿನ ಎಲ್ಲರಿಗೂ ಮಾತಿಗೆ ಅವಕಾಶವಿದೆ. ರಿಫ್ಟ್‌ನ ಜಾಗಕ್ಕೆ ಈಥರೈಜ್ ಚೆನ್ನಾಗಿ ಕೂರುತ್ತದೆ. ದಾಳಿಗೆ ಬಂದ ಕ್ರೀಚರ್‌ಗಳನ್ನಷ್ಟೇ ಕೈಗೆ ವಾಪಸ್ ಕಳಿಸುತ್ತದೆ, ಎದುರಾಳಿಗಳು ಕಟ್ಟಿದ ಉಳಿದದ್ದೆಲ್ಲ ಹಾಗೆಯೇ ನಿಲ್ಲುತ್ತದೆ.

ಆಟಕ್ಕೆ ಮುಂಚೆ ಬ್ರಾಕೆಟ್‌ನ ಜೊತೆ ಮೂರು ವಿಷಯ ಹೇಳಿ: ಡೆಕ್ ಸಾಮಾನ್ಯವಾಗಿ ಎಷ್ಟನೇ ಸರದಿಗೆ ಗೆಲ್ಲುತ್ತದೆ, ಎರಡೇ ಕಾರ್ಡ್‌ನ ಕೊನೆಯಿಲ್ಲದ ಕಾಂಬೊ ಇದೆಯೇ, ಬೇಕಾದ ಕಾರ್ಡ್ ಹುಡುಕಿ ತರುವ ಟ್ಯೂಟರ್‌ಗಳು ಎಷ್ಟು. ಎಲ್ಲರ ಲ್ಯಾಂಡ್ ನಾಶ ಮಾಡುವ ಕಾರ್ಡ್‌ಗಳಿಗೆ ಮೊದಲ ಮೂರು ಬ್ರಾಕೆಟ್‌ಗಳಲ್ಲಿ ಜಾಗವೇ ಇಲ್ಲ. ಗೇಮ್ ಚೇಂಜರ್ ಪಟ್ಟಿ ಆಗಾಗ ಬದಲಾಗುತ್ತದೆ, ಡೆಕ್ ಕಟ್ಟುವ ದಿನ ಹೊಸ ಪಟ್ಟಿಯನ್ನು ನೋಡಿಕೊಳ್ಳಿ.

ಪ್ರಶ್ನೆ: ಕಮಾಂಡರ್ ಸತ್ತರೆ ‘ಸತ್ತಾಗ’ ಎಂದು ಬರೆದ ಪರಿಣಾಮ ನಡೆಯುತ್ತದೆಯೇ?

ಉತ್ತರ: ನಡೆಯುತ್ತದೆ. 2020ರಲ್ಲಿ ನಿಯಮ ಬದಲಾಯಿತು. ಕಮಾಂಡರ್ ಮೊದಲು ಗ್ರೇವ್‌ಯಾರ್ಡ್‌ಗೆ (ಸತ್ತ ಕಾರ್ಡ್‌ಗಳ ರಾಶಿಗೆ) ಹೋಗುತ್ತದೆ, ಆಮೇಲೆ ನೀವು ಬಯಸಿದರೆ ಕಮಾಂಡರ್‌ಗೆಂದೇ ಇರುವ ಕಮಾಂಡ್ ಝೋನ್‌ಗೆ ತರಬಹುದು. ಅಲ್ಲಿಂದ ಮತ್ತೆ ಹಾಕುವಾಗ, ಹಿಂದೆ ಅಲ್ಲಿಂದ ಹಾಕಿದ ಪ್ರತಿ ಸಲಕ್ಕೂ 2 ಮಾನಾ ಹೆಚ್ಚುವರಿ. ಒಂದೇ ಕಮಾಂಡರ್‌ನಿಂದ ಇಡೀ ಆಟದಲ್ಲಿ 21 ಕಾಂಬ್ಯಾಟ್ ಡ್ಯಾಮೇಜ್ ತಿಂದವರು ಸೋಲುತ್ತಾರೆ. ಇಬ್ಬರು ಕಮಾಂಡರ್‌ಗಳದ್ದನ್ನು ಕೂಡಿಸುವಂತಿಲ್ಲ, ಸ್ಪೆಲ್‌ನಿಂದಾದ ಡ್ಯಾಮೇಜ್ ಲೆಕ್ಕಕ್ಕಿಲ್ಲ.

ಪ್ರಶ್ನೆ: ಎಷ್ಟು ಕಲಸಿದರೂ ಲ್ಯಾಂಡ್‌ಗಳು ಗುಂಪಾಗಿಯೇ ಬರುತ್ತವೆ. ಆಟಕ್ಕೆ ಮೊದಲು ಎರಡು ಕಾರ್ಡ್‌ಗೆ ಒಂದು ಲ್ಯಾಂಡ್‌ನಂತೆ ಜೋಡಿಸಿ ಕಲಸಬಹುದೇ?

ಉತ್ತರ: ಬೇಡ. ಆಮೇಲೆ ಸರಿಯಾಗಿ ಕಲಸಿದರೆ ಆ ಜೋಡಣೆಯ ಗುರುತೇ ಉಳಿಯುವುದಿಲ್ಲ, ಶ್ರಮ ವ್ಯರ್ಥ. ಗುರುತು ಉಳಿದಿದೆ ಎಂದಾದರೆ ಕಲಸಿದ್ದು ಸಾಲದು, ಅದು ಮೋಸವಾಗುತ್ತದೆ. ಕಾರ್ಡ್‌ಗಳನ್ನು ಏಳೆಂಟು ರಾಶಿಗಳಾಗಿ ಹಂಚುವುದೂ ಕಲಸಿದಂತಲ್ಲ. ನೂರು ಇವೆಯೇ ಎಂದು ಎಣಿಸಲು ಮಾತ್ರ ಅದು ಉಪಯೋಗ.

52 ಎಲೆಯ ಇಸ್ಪೀಟ್ ಕಟ್ಟಿಗೆ ಏಳು ರಿಫಲ್ (ಎರಡು ಭಾಗ ಮಾಡಿ ಒಂದರೊಳಗೊಂದು ಬೆರೆಸುವುದು) ಬೇಕೆಂದು ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ 1992ರಲ್ಲಿ ತೋರಿಸಿದರು. ನಮ್ಮದು ಅದರ ಹತ್ತಿರ ಹತ್ತಿರ ಎರಡರಷ್ಟು, ಹಾಗಾಗಿ ಒಂಬತ್ತು ಹತ್ತು ಸಲ ಬೇಕು. ಸ್ಲೀವ್ (ಪ್ಲಾಸ್ಟಿಕ್ ಹೊದಿಕೆ) ಹಾಕಿದ ಕಾರ್ಡ್‌ಗಳನ್ನು ಬಗ್ಗಿಸದೆ, ಡೆಕ್ ಸುಮಾರು ಅರ್ಧಕ್ಕೆ ಎರಡು ಭಾಗ ಮಾಡಿ ಒಂದರ ಅಂಚನ್ನು ಇನ್ನೊಂದರೊಳಗೆ ಮೆಲ್ಲನೆ ತೂರಿಸಿ. ಪ್ರತಿ ಸಲವೂ ಬೇರೆ ಜಾಗದಲ್ಲಿ ಕತ್ತರಿಸಿ. ಇಷ್ಟಾದ ಮೇಲೂ ಮೂರು ಲ್ಯಾಂಡ್ ಸಾಲಾಗಿ ಬಂದರೆ ಅದು ಸಹಜ. ಎಲ್ಲೂ ಗುಂಪೇ ಇಲ್ಲದ ಡೆಕ್ ಕಂಡರೆ ಅನುಮಾನಿಸಬೇಕು.

ಪ್ರಶ್ನೆ: ಮಳೆಗಾಲದಲ್ಲಿ ನನ್ನ ಫಾಯಿಲ್ (ಹೊಳೆಯುವ) ಕಾರ್ಡ್‌ಗಳು ಬಾಗುತ್ತವೆ. ಆಡುವಾಗ ತೊಂದರೆಯೇ?

ಉತ್ತರ: ತೊಂದರೆಯೇ. ಕಾಗದದ ಪದರ ತೇವ ಹೀರಿ ಹಿಗ್ಗುತ್ತದೆ, ಹೊಳೆಯುವ ಪದರ ಹಿಗ್ಗುವುದಿಲ್ಲ. ಅದಕ್ಕೆ ಕಾರ್ಡ್ ಬಾಗುತ್ತದೆ. ಡೆಕ್‌ನಲ್ಲಿ ಐದಾರು ಮಾತ್ರ ಫಾಯಿಲ್ ಆಗಿದ್ದರೆ ಬದಿಯಿಂದಲೇ ಗುರುತು ಸಿಗುತ್ತದೆ, ಅದು ಗುರುತು ಮಾಡಿದ ಕಾರ್ಡ್ ಇದ್ದ ಹಾಗೆ. ಕಾರ್ಡ್‌ನ ಅಳತೆ 63×88 ಮಿ.ಮೀ. ಅದಕ್ಕೆ ಬಿಗಿಯಾದ 64×89ರ ಒಳ ಸ್ಲೀವ್, ಮೇಲೆ 66×91ರ, ಹಿಂಬದಿ ಕಾಣದ ಹೊರ ಸ್ಲೀವ್ ಹಾಕಿ. ಒಳ ಸ್ಲೀವ್‌ನ ಬಾಯಿ ಕೆಳಗೆ, ಹೊರಗಿನದರ ಬಾಯಿ ಮೇಲೆ ಇರಲಿ. ಡೆಕ್ ಬಾಕ್ಸ್ ಇಡುವ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಆದರೆ ಅತಿಯಾಗಿ ಒಣಗಿಸಬೇಡಿ. ಆಗ ಕಾರ್ಡ್ ವಿರುದ್ಧ ದಿಕ್ಕಿಗೆ ಬಾಗುತ್ತದೆ. ಸ್ಲೀವ್ ಬದಲಿಸುವುದಾದರೆ ನೂರನ್ನೂ ಒಟ್ಟಿಗೆ ಬದಲಿಸಿ. ಒಂದೇ ಪ್ಯಾಕ್‌ನಲ್ಲಿ ಹತ್ತಿಪ್ಪತ್ತು ಹೆಚ್ಚುವರಿ ಉಳಿಸಿಕೊಂಡರೂ, ತಿಂಗಳುಗಟ್ಟಲೆ ಆಡಿದ ಸ್ಲೀವ್‌ಗಳ ನಡುವೆ ಹೊಸದೊಂದು ಕೈಗೆ ನುಣುಪಾಗಿ ತಿಳಿದುಬಿಡುತ್ತದೆ.

ಪ್ರಶ್ನೆ: ಲಾಥ್ರಿಲ್ ಡೆಕ್‌ನಲ್ಲಿ ಇವಾಲ್ವಿಂಗ್ ವೈಲ್ಡ್ಸ್ ಎಂಬ ಲ್ಯಾಂಡ್ ಹಾಕಬಹುದೇ?

ಉತ್ತರ: ಹಾಕಬಹುದು. ಅದರ ಮೇಲೆ ಬಣ್ಣದ ಮಾನಾ ಚಿಹ್ನೆ ಎಲ್ಲೂ ಇಲ್ಲ. ಬೆಲೆಯಲ್ಲಾಗಲಿ ನಿಯಮದ ಪಠ್ಯದಲ್ಲಾಗಲಿ ಲಾಥ್ರಿಲ್‌ಳ ಬಣ್ಣಗಳಾದ ಕಪ್ಪು, ಹಸಿರು ಬಿಟ್ಟು ಬೇರೆ ಬಣ್ಣದ ಚಿಹ್ನೆ ಇರುವ ಕಾರ್ಡ್ ನಿಷಿದ್ಧ. ಆವರಣದಲ್ಲಿ ಓರೆ ಅಕ್ಷರಗಳಲ್ಲಿ ಅಚ್ಚಾಗುವ ವಿವರಣೆಯ ಚಿಹ್ನೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.